ಉಳಿದುಕೊಂಡವರ ಊರು

ವಕಿಫ್ಲಿ ಊರಿನ ಚರ್ಚು ಮೊದಲಿಗೆ ರೇಷ್ಮೆ ಹುಳುಮನೆಯಾಗಿತ್ತು. ಈ ಒಂದು ಸಂಗತಿ ಗೊತ್ತಾದ ಮೇಲೆಯೇ ಆ ಊರಿನ ಬಗ್ಗೆ ನನಗೆ ನಿಜವಾದ ಕುತೂಹಲ ಹುಟ್ಟಿದ್ದು. ಅಲ್ಲಿಯವರೆಗೆ ನಾನು ಓದಿದ್ದೆಲ್ಲ ಬೆಟ್ಟ, ಬಂದೂಕು, ಫ್ರೆಂಚ್ ಹಡಗು, ಬಾವುಟ. ನಾನು ಶಿಡ್ಲಘಟ್ಟ ಸೀಮೆಯವನು. ನಮ್ಮ ಮನೆಯಲ್ಲಿ ಹುಳು ಮೇಯಿಸುವುದು ನಿಂತು ಬಹಳ ಕಾಲವಾಯಿತು, ಆದರೂ ಹುಳುಮನೆ ಹೇಗಿರುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅಂಥದೊಂದು ಕಟ್ಟಡವನ್ನು ತೊಳೆದು ಬಳಿದು ದೇವರಿಗೆ ಬಿಟ್ಟುಕೊಟ್ಟ ಜನ, ಬೆಟ್ಟದ ಮೇಲಿನ ವೀರಗಾಥೆಯ ಜನರಿಗಿಂತ ನನಗೆ ಹತ್ತಿರದವರಾಗಿ ಕಂಡರು. ಇಬ್ಬರೂ ಒಂದೇ ಜನ ಎಂಬುದು ಬೇರೆ ಮಾತು.

ಇದು ಅರ್ಮೇನಿಯನ್ನರ ಊರು, ಆದರೆ ಇರುವುದು ಅರ್ಮೇನಿಯಾದಲ್ಲಲ್ಲ. ತುರ್ಕಿಯ ದಕ್ಷಿಣದ ತುದಿಯಲ್ಲಿ, ಸಿರಿಯಾ ಗಡಿಗೆ ತಾಗಿಕೊಂಡ ಹತಾಯ್ ಪ್ರಾಂತ್ಯದಲ್ಲಿ, ಮೂಸಾ ದಾಗ್ ಎಂಬ ಬೆಟ್ಟದ ಇಳಿಜಾರಿನಲ್ಲಿದೆ. ಮೂಸಾ ದಾಗ್ ಎಂದರೆ ಮೋಶೆಯ ಬೆಟ್ಟ. ಕೆಳಗೆ ಸಮಂದಾಗ್ ಪೇಟೆ, ಅದರಾಚೆ ಮೆಡಿಟರೇನಿಯನ್ ಸಮುದ್ರ, ಎಡಕ್ಕೆ ಆಸಿ ನದಿ ಸಮುದ್ರ ಸೇರುವ ಜಾಗ, ಅದರ ಆಚೆಗೆ ಸಿರಿಯಾ ಗಡಿಯ ಬೋಳು ಬೆಟ್ಟ. ಊರಿನಲ್ಲಿ ನಲವತ್ತರ ಆಸುಪಾಸು ಮನೆ, ನೂರಮೂವತ್ತು ನೂರನಲವತ್ತು ಜನ. ಬೇಸಿಗೆಯಲ್ಲಿ ಇಸ್ತಾಂಬುಲ್‌ನಿಂದಲೋ ಜರ್ಮನಿಯಿಂದಲೋ ಮಕ್ಕಳು ಮೊಮ್ಮಕ್ಕಳು ಬಂದರೆ ಸಂಖ್ಯೆ ಏರುತ್ತದೆ. ಪ್ರವಾಸದ ಫಲಕಗಳಲ್ಲಿ, ಪತ್ರಿಕೆಗಳಲ್ಲಿ ಇದಕ್ಕೆ ಸಿಕ್ಕಿರುವ ಬಿರುದು 'ತುರ್ಕಿಯ ಏಕೈಕ ಅರ್ಮೇನಿಯನ್ ಹಳ್ಳಿ'. ಆ ಬಿರುದನ್ನು ಹೆಮ್ಮೆಯಿಂದ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಕಿರಿಕಿರಿ. ಒಂದು ಶತಮಾನದ ಹಿಂದೆ ಈಗಿನ ತುರ್ಕಿಯ ಬಹುಭಾಗವಾದ ಅನತೋಲಿಯಾದ ಉದ್ದಗಲಕ್ಕೂ ಅರ್ಮೇನಿಯನ್ನರ ಹಳ್ಳಿಗಳಿದ್ದವು. ಒಂದೇ ಒಂದು ಉಳಿದಿದೆ ಎಂಬುದು ಊರಿನ ವಿಶೇಷ ಗುಣವಲ್ಲ, ಉಳಿದವುಗಳಿಗೆ ಏನಾಯಿತು ಎಂಬ ಲೆಕ್ಕ.

ಬೆಟ್ಟದ ಸುತ್ತ ಮುಖ್ಯವಾಗಿ ಆರು ಊರು: ಬಿತಿಯಾಸ್, ಹಾಜಿ ಹಬೀಬ್ಲಿ, ಯೋಗುನೊಲುಕ್, ಖೆದರ್ ಬೆಗ್, ಕಬೂಸಿಯೆ, ಮತ್ತೆ ಇವುಗಳಲ್ಲಿ ಚಿಕ್ಕದಾದ ವಕಿಫ್, ಅಂದರೆ ಈಗಿನ ವಕಿಫ್ಲಿ. ಮರ ಕೊರೆದು ಬಾಚಣಿಗೆ, ಚಮಚ ಮಾಡುವುದು ಇಲ್ಲಿನವರ ಒಂದು ಕಸುಬು. ಇನ್ನೊಂದು ಕಸುಬು, ಕೈಗೆ ನಗದು ತರುತ್ತಿದ್ದದ್ದು, ರೇಷ್ಮೆ. ನಮ್ಮ ಕಡೆಯಂತೆ ವರ್ಷಪೂರ್ತಿ ಒಂದರ ಹಿಂದೊಂದು ಬೆಳೆ ತೆಗೆಯುವ ಪದ್ಧತಿ ಅಲ್ಲಿ ಇರಲಿಲ್ಲ. ಆ ಹವೆಯಲ್ಲಿ ಹಿಪ್ಪುನೇರಳೆ ವಸಂತದಲ್ಲಿ ಚಿಗುರಬೇಕು, ಚಳಿಗಾಲವಿಡೀ ಮಲಗಿದ್ದ ಮೊಟ್ಟೆ ಆಗಲೇ ಒಡೆಯಬೇಕು. ವರ್ಷಕ್ಕೊಂದೇ ಬೆಳೆ. ಹುಳು ನಾಲ್ಕು ಜ್ವರ ದಾಟಿ, ಹಣ್ಣಾಗಿ, ಗೂಡು ಕಟ್ಟುವವರೆಗಿನ ಆ ಕೆಲವು ವಾರ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ. ಕೊನೆಯ ಜ್ವರ ಎದ್ದ ಹುಳುವಿಗೆ ಹಗಲುರಾತ್ರಿ ಸೊಪ್ಪು ಹಾಕುತ್ತಲೇ ಇರಬೇಕು. ಒಂದು ಹೊತ್ತು ತಪ್ಪಿದರೂ ಗೂಡು ತೆಳ್ಳಗಾಗುತ್ತದೆ. ನಮ್ಮಲ್ಲಿ ಒಂದು ಬೆಳೆ ಕೈಕೊಟ್ಟರೆ ಮುಂದಿನ ಬೆಳೆಗೆ ಕಾಯುತ್ತೇವೆ. ಅವರಿಗೆ ಆ ಒಂದು ಬೆಳೆ ಕೈಕೊಟ್ಟರೆ ಮುಂದಿನ ವಸಂತದವರೆಗೂ ಸಾಲ. ಲೆವಾಂಟ್ ಕರಾವಳಿಯ, ಅಂದರೆ ಮೆಡಿಟರೇನಿಯನ್ನಿನ ಪೂರ್ವ ತೀರದ, ರೇಷ್ಮೆಗೆ ಆಗ ಫ್ರಾನ್ಸಿನ ಲಿಯೋನ್‌ನಲ್ಲಿ ಬೇಡಿಕೆ ಇತ್ತು. ಬೆಟ್ಟದಾಚೆಯ ಜಗತ್ತಿಗೆ ಈ ಊರುಗಳು ಪರಿಚಯವಾದದ್ದೇ ಹೀಗೆ ನೂಲಿನ ಮೂಲಕ.

1915ರ ಬೇಸಿಗೆಯ ಕತೆ ಬಹಳ ಸಲ ಹೇಳಿಸಿಕೊಂಡಿದೆ, ಹಾಗಾಗಿ ಬೇಗ ಹೇಳುತ್ತೇನೆ. ಆ ವರ್ಷ ತುರ್ಕಿಯ ಆಟೊಮನ್ ಸರ್ಕಾರ ಅರ್ಮೇನಿಯನ್ನರ ಊರುಗಳನ್ನು ಖಾಲಿ ಮಾಡಿಸಿ ಅವರನ್ನು ಸಾವಿನ ದಾರಿಗೆ ಅಟ್ಟುತ್ತಿತ್ತು. ಜುಲೈ ತಿಂಗಳ ಕೊನೆಯಲ್ಲಿ ಇಲ್ಲಿಗೂ ಆಜ್ಞೆ ಬಂತು. ವಾರದೊಳಗೆ ಗಂಟುಮೂಟೆ ಕಟ್ಟಿ ಹೊರಡಬೇಕು. ಎಲ್ಲಿಗೆ, ಏನು, ಎತ್ತ ಎಂಬುದು ಇಲ್ಲ. ಆದರೆ ಈ ಊರುಗಳವರಿಗೆ ಆ ಆಜ್ಞೆಯ ಅರ್ಥ ಮುಂಚೆಯೇ ಗೊತ್ತಾಗಿತ್ತು. ದಿಕ್ರಾನ್ ಆಂದ್ರಿಯಾಸಿಯನ್ ಎಂಬ ಪ್ರಾಟೆಸ್ಟಂಟ್ ಪಾದ್ರಿ ಉತ್ತರದ ಜೈತೂನ್ ಊರಿನಲ್ಲಿದ್ದವರು, ಆ ಊರು ಖಾಲಿಯಾದದ್ದನ್ನು ಕಣ್ಣಾರೆ ಕಂಡು ತವರಿಗೆ ಮರಳಿದ್ದರು. ಹೋದವರು ಹೇಗೆ ಹೋದರು ಎಂದು ಅವರು ಬಂದು ಹೇಳಿದ್ದರಿಂದಲೇ ಬೆಟ್ಟ ಹತ್ತುವ ಮಾತು ಗಟ್ಟಿಯಾಯಿತು.

ಆರೂ ಊರಿನ ಜನ ಸೇರಿದರೆ ಆರು ಸಾವಿರದಷ್ಟು. ಅದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ದನ, ಕುರಿ, ಗೋಧಿ ಮೂಟೆ, ಮಕ್ಕಳು ಮುದುಕರ ಸಮೇತ ಬೆಟ್ಟ ಏರಿದರು. ಎಲ್ಲರೂ ಏರಲಿಲ್ಲ ಎಂಬುದನ್ನು ಕತೆ ಹೇಳುವವರು ಸಾಮಾನ್ಯವಾಗಿ ನುಂಗಿಬಿಡುತ್ತಾರೆ. ಬಿತಿಯಾಸ್‌ನ ಪಾದ್ರಿ ಹಾರುತ್ಯೂನ್ ನೊಖುದಿಯನ್ ಸರ್ಕಾರದ ಎದುರು ನಿಂತು ಗೆಲ್ಲುವುದು ಆಗದ ಮಾತು ಎಂದುಕೊಂಡರು. ಅವರೂ ಅವರ ಹಿಂದೆ ಹಲವು ಕುಟುಂಬಗಳೂ ಆಜ್ಞೆಗೆ ತಲೆಬಾಗಿ ಸಿರಿಯಾದ ಹಮಾ ಕಡೆಗೆ ನಡೆದವು. ಅವರನ್ನು ಹೇಡಿಗಳು ಅನ್ನಲು ನನಗೆ ಬಾಯಿ ಬರುವುದಿಲ್ಲ. ಬೆಟ್ಟ ಹತ್ತಿದವರ ಬಳಿ ಇದ್ದದ್ದು ನೂರಿಪ್ಪತ್ತು ಒಳ್ಳೆಯ ಬಂದೂಕು, ಅದರ ಮೂರರಷ್ಟು ಹಳೇ ಚಕಮಕಿ ಕೋವಿಗಳು. ಆ ಲೆಕ್ಕ ನೋಡಿ ಬೇಡ ಅಂದವನದ್ದೂ ಒಂದು ವಿವೇಕವೇ.

ಮೊದಲ ದಿನಗಳಲ್ಲೇ ಮಳೆ ಸುರಿದು ತಂದಿದ್ದ ರೊಟ್ಟಿ ನೆನೆದು ಹಾಳಾಯಿತು. ಆಮೇಲೆ ಒಂದರ ಹಿಂದೊಂದು ದಾಳಿ. ಹೇಗೋ ತಡೆದುಕೊಂಡರು. ಸಮುದ್ರದ ಕಡೆಯ ಬಂಡೆಗಳ ಮೇಲೆ ಎರಡು ದೊಡ್ಡ ಬಿಳಿ ಬಟ್ಟೆ ಕಟ್ಟಿದರು. ಒಂದರ ಮೇಲೆ ಕೆಂಪು ಶಿಲುಬೆ, ಇನ್ನೊಂದರ ಮೇಲೆ 'ಕ್ರೈಸ್ತರು ಸಂಕಟದಲ್ಲಿದ್ದಾರೆ, ಕಾಪಾಡಿ' ಎಂದು ದೊಡ್ಡಕ್ಷರದ ಇಂಗ್ಲಿಷು. ಹಡಗು ಕಂಡರೆ ಈಜಿಕೊಂಡು ಹೋಗಿ ತಲುಪಲು ಹುಡುಗರನ್ನು ದಡದಲ್ಲಿ ಕೂರಿಸಿದ್ದರು. ಸೆಪ್ಟೆಂಬರಿನಲ್ಲಿ 'ಗಿಶೆನ್' ಎಂಬ ಫ್ರೆಂಚ್ ಯುದ್ಧನೌಕೆಯ ಕಣ್ಣಿಗೆ ಆ ಬಟ್ಟೆ ಬಿತ್ತು. 'ಜಾನ್ ದಾರ್ಕ್' ಮತ್ತಿತರ ಹಡಗುಗಳೂ ಬಂದವು. ಬದುಕಿದ್ದವರನ್ನೆಲ್ಲ ತುಂಬಿಕೊಂಡು ಈಜಿಪ್ಟಿನ ಪೋರ್ಟ್ ಸಯೀದ್‌ಗೆ ಇಳಿಸಿದವು. ಕಾದಾಟದಲ್ಲಿ ಸತ್ತವರು ಹದಿನೆಂಟು ಮಂದಿ. ಬೆಟ್ಟದ ಮೇಲೆ ಕಳೆದದ್ದು ಐವತ್ತಮೂರು ದಿನ ಎನ್ನುವುದು ರೂಢಿಯ ಲೆಕ್ಕ. ಫ್ರಾಂಟ್ಸ್ ವೆರ್ಫೆಲ್ ಎಂಬ ಲೇಖಕ 1933ರಲ್ಲಿ ಜರ್ಮನ್ ಭಾಷೆಯಲ್ಲಿ ಈ ಕುರಿತು ದೊಡ್ಡ ಕಾದಂಬರಿ ಬರೆದು ಅದನ್ನು ನಲವತ್ತಕ್ಕೆ ಇಳಿಸಿದ. ಜಗತ್ತಿನ ನೆನಪಿನಲ್ಲಿ ಉಳಿದಿರುವುದು ಆ ನಲವತ್ತೇ. ನಾತ್ಸಿಗಳು ಆ ಪುಸ್ತಕವನ್ನು ನಿಷೇಧಿಸಿದರು. ಪೋಲೆಂಡಿನ ಘೆಟ್ಟೊಗಳಲ್ಲಿ ಕೂಡಿಹಾಕಲ್ಪಟ್ಟ ಯಹೂದಿಗಳು ಅದನ್ನು ಕೈಯಿಂದ ಕೈಗೆ ದಾಟಿಸಿ ಓದಿದರು. ಹಾಲಿವುಡ್ ಸಿನಿಮಾ ಮಾಡಲು ಹೊರಟಾಗ ತುರ್ಕಿ ಸರ್ಕಾರ ಅಮೆರಿಕದ ಮೇಲೆ ಒತ್ತಡ ತಂದು ನಿಲ್ಲಿಸಿತು.

ಈ ಬೆಟ್ಟದ ಬಗ್ಗೆ ಗೊತ್ತಿರುವ ಬಹುಪಾಲು ಮಂದಿಗೆ ಕತೆ ಅಲ್ಲಿಗೆ ಮುಗಿಯುತ್ತದೆ. ಹಡಗು ಬಂತು, ಉಳಿದುಕೊಂಡರು, ಶುಭಂ. ನನಗೆ ಆಮೇಲಿನದ್ದೇ ಹೆಚ್ಚು ಕಾಡುತ್ತದೆ.

ಪೋರ್ಟ್ ಸಯೀದ್‌ನ ಡೇರೆಗಳಲ್ಲಿ ನಾಲ್ಕು ವರ್ಷ ಕಳೆದರು. ಹೆಂಗಸರು ಕಸೂತಿ, ಗಂಡಸರು ಬಾಚಣಿಗೆ. ಹುಡುಗರಲ್ಲಿ ಹಲವರು ಫ್ರೆಂಚರ ಸೈನ್ಯ ಸೇರಿದರು. ಯುದ್ಧ ಮುಗಿದು 1919ರಲ್ಲಿ ಎಲ್ಲರೂ ವಾಪಸು ಬಂದರು. ಇದನ್ನು ಎರಡು ಸಲ ಓದಿಕೊಳ್ಳಬೇಕು. ಅನತೋಲಿಯಾದ ಅರ್ಮೇನಿಯನ್ನರಲ್ಲಿ ಬಹುತೇಕರಿಗೆ ವಾಪಸು ಬರುವ ಅವಕಾಶವೇ ಇರಲಿಲ್ಲ, ಬಂದವರೂ ಮತ್ತೆ ಓಡಬೇಕಾಯಿತು. ಇವರಿಗೆ ಅದು ಸಾಧ್ಯವಾದದ್ದು ಈ ಸೀಮೆ ಫ್ರೆಂಚರ ಆಡಳಿತಕ್ಕೆ ಬಂದದ್ದರಿಂದ. ಬಂದು ಮನೆ ಕಟ್ಟಿಕೊಂಡರು, ಹಿಪ್ಪುನೇರಳೆ ಮತ್ತೆ ಚಿಗುರಿತು, ಹುಳುಮನೆಗಳಲ್ಲಿ ಮತ್ತೆ ಹುಳು ಬಂತು. ಇಪ್ಪತ್ತು ವರ್ಷ ಹಾಗೇ ನಡೆಯಿತು.

1938ರಲ್ಲಿ ಫ್ರೆಂಚರ ಲೆಕ್ಕಾಚಾರ ಬದಲಾಯಿತು. ಯುರೋಪಿನಲ್ಲಿ ಯುದ್ಧ ಬರುವುದು ನಿಚ್ಚಳವಾಗಿತ್ತು, ತುರ್ಕಿ ಹಿಟ್ಲರನ ಕಡೆ ವಾಲದಂತೆ ನೋಡಿಕೊಳ್ಳಬೇಕಿತ್ತು. ಅದಕ್ಕೆ ತೆತ್ತ ಬೆಲೆ ಈ ಸೀಮೆ. ಮೊದಲು ಹತಾಯ್ ಎಂಬ ಹೆಸರಿನ ಪುಟ್ಟ ಗಣರಾಜ್ಯ, ಮರುವರ್ಷ, 1939ರ ಬೇಸಿಗೆಯಲ್ಲಿ, ತುರ್ಕಿಯೊಂದಿಗೆ ವಿಲೀನ. ಇಪ್ಪತ್ತನಾಲ್ಕು ವರ್ಷದ ಹಿಂದೆ ಬೆಟ್ಟ ಹತ್ತಿದ್ದವರು ಈ ಸಲ ಹತ್ತಲಿಲ್ಲ. ಸುಮಾರು 5,000 ಮಂದಿ ಗಂಟು ಕಟ್ಟಿ ಗಡಿ ದಾಟಿದರು. ಸಿರಿಯಾ ಕರಾವಳಿಯ ರಾಸ್ ಅಲ್ ಬಸೀತ್‌ನಲ್ಲಿ ಕೆಲವು ವಾರ ಬಯಲಲ್ಲೇ ಇದ್ದು, ಸೆಪ್ಟೆಂಬರಿನಲ್ಲಿ ಲೆಬನಾನಿನ ಬೆಕಾ ಬಯಲಿನ ಅಂಜಾರ್‌ಗೆ ತಲುಪಿದರು. ಫ್ರೆಂಚರು ಅಲ್ಲಿ ಕೊಡಿಸಿದ್ದು ಜೌಗು ನೆಲ. ಮೊದಲ ವರ್ಷಗಳಲ್ಲಿ ಮಲೇರಿಯಾ ಬಹಳ ಜನರನ್ನು, ಅದರಲ್ಲೂ ಮಕ್ಕಳು ಮುದುಕರನ್ನು, ಕೊಂಡೊಯ್ದಿತು. ಬಂದೂಕಿಗೆ ಹದಿನೆಂಟು, ಸೊಳ್ಳೆಗೆ ಅದರ ಎಷ್ಟೋ ಪಟ್ಟು. ಸ್ಮಾರಕ ಮಾತ್ರ ಬಂದೂಕಿನ ಕಡೆಯವರಿಗೆ.

ಎಲ್ಲರೂ ಹೋದರು ಅಂದುಕೊಳ್ಳುವಷ್ಟರಲ್ಲಿ ಕೆಲವು ಕುಟುಂಬಗಳು ಹೋಗಲಿಲ್ಲ. ಹೆಚ್ಚಿನವರು ವಕಿಫ್‌ನವರು. ಬೇರೆ ಊರುಗಳಲ್ಲಿ ಉಳಿದಿದ್ದ ಒಬ್ಬಿಬ್ಬರೂ ಕ್ರಮೇಣ ಈ ಊರಿಗೇ ಬಂದು ಸೇರಿಕೊಂಡರು ಎನ್ನುತ್ತಾರೆ. ಯಾಕೆ ಉಳಿದರು? ಹೊರಡುವ ಏರ್ಪಾಟು ಮಾಡಿದ ಪಕ್ಷಕ್ಕೂ ಕೆಲವು ಮನೆಗಳಿಗೂ ಆಗಿಬರುತ್ತಿರಲಿಲ್ಲ ಎಂಬುದು ಒಂದು ವಿವರಣೆ. ಫಲ ಕೊಡಲು ಶುರುವಾಗಿದ್ದ ತೋಟ ಇನ್ನೊಂದು. ಹಾಸಿಗೆ ಹಿಡಿದ ಅಪ್ಪ, ಮತ್ತೊಂದು ಸಲ ಡೇರೆಯಲ್ಲಿ ಬದುಕುವ ಶಕ್ತಿ ಇಲ್ಲದ ಅಮ್ಮ, ಇಂಥವೂ ಇದ್ದಿರಲೇಬೇಕು. ಊರು ಬಿಟ್ಟವನನ್ನು ಯಾಕೆ ಬಿಟ್ಟೆ ಅಂತ ಕೇಳುವುದು ನಮಗೆ ರೂಢಿ. ಊರಲ್ಲೇ ಇದ್ದವನನ್ನು ಯಾಕೆ ಇದ್ದೆ ಅಂತ ಯಾರೂ ಕೇಳುವುದಿಲ್ಲ. ಈ ಒಂದು ಊರಿನವರು ಮಾತ್ರ ಮೂರು ತಲೆಮಾರಿನಿಂದ ಅದಕ್ಕೆ ಉತ್ತರ ಕೊಡುತ್ತಲೇ ಇದ್ದಾರೆ. ಹೊರಗಿನ ಅರ್ಮೇನಿಯನ್ನರಿಗೂ ಕೊಡಬೇಕು, ತುರ್ಕಿಯ ಅಧಿಕಾರಿಗಳಿಗೂ ಕೊಡಬೇಕು, ಮೈಕು ಹಿಡಿದು ಬರುವ ಪತ್ರಕರ್ತರಿಗೂ ಕೊಡಬೇಕು.

ನಾನು ಹೋದದ್ದು 2023ರ ಭೂಕಂಪಕ್ಕೆ ಕೆಲವು ವರ್ಷ ಮೊದಲು. ಪ್ರಾಂತ್ಯದ ಮುಖ್ಯ ಪಟ್ಟಣ ಅಂತಾಕ್ಯಾದಿಂದ ಸಮಂದಾಗ್‌ಗೆ ದೊಲ್ಮುಶ್ ಎನ್ನುವ ಮಿನಿಬಸ್ಸು, ಅಲ್ಲಿಂದ ಮೇಲಕ್ಕೆ ಇನ್ನೊಂದು ಗಾಡಿ. ದಾರಿಯ ಎರಡೂ ಬದಿ ಕಿತ್ತಳೆ, ನಿಂಬೆ, ಮ್ಯಾಂಡರಿನ್. ವಕಿಫ್ಲಿಯ ಹತ್ತಿರದಲ್ಲೇ ಖೆದರ್ ಬೆಗ್ ಇದೆ. ಈಗಿನ ಹೆಸರು ಹಿದಿರ್‌ಬೆಯ್. ಅಲ್ಲೊಂದು ಅಸಾಧ್ಯ ದಪ್ಪದ ಚಿನಾರ್ ಮರವಿದೆ. ಮೋಶೆ ನೆಟ್ಟ ಕೋಲೇ ಚಿಗುರಿ ಮರವಾಯಿತು ಎಂದು ಐತಿಹ್ಯ. ಪೊಳ್ಳಾದ ಕಾಂಡದೊಳಗೆ ನಿಂತು ಪ್ರವಾಸಿಗಳು ಫೋಟೊ ತೆಗೆಸಿಕೊಳ್ಳುತ್ತಾರೆ. 1939ರ ನಂತರ ಈ ಊರಿನಲ್ಲೂ ಉಳಿದ ನಾಲ್ಕರಲ್ಲೂ ಹೊರಗಿನಿಂದ ಬಂದ ಮುಸ್ಲಿಂ ಕುಟುಂಬಗಳು ನೆಲೆಸಿದವು. ಯೋಗುನೊಲುಕ್‌ನ ಚರ್ಚು ಮಸೀದಿಯಾಯಿತು. ಬಿತಿಯಾಸ್ ಬಾತಿಅಯಾಜ್ ಆಯಿತು, ಕಬೂಸಿಯೆ ಕಾಪಿಸುಯು ಆಯಿತು, ಹಾಜಿ ಹಬೀಬ್ಲಿಗೆ ಎರಿಕ್ಲಿಕುಯು ಎಂಬ ಹೊಸ ಹೆಸರೇ ಬಂತು. ಈಗ ಅಲ್ಲಿರುವವರಿಗೂ ಅದು ಎಂಬತ್ತು ವರ್ಷದ ಊರು. ಅವರ ಅಜ್ಜಂದಿರ ಗೋರಿಗಳೂ ಅಲ್ಲೇ ಇವೆ. ಇದನ್ನು ಸಿಟ್ಟಿನಿಂದ ನೋಡಬೇಕೋ ಸುಮ್ಮನೆ ಒಪ್ಪಿಕೊಳ್ಳಬೇಕೋ ನನಗೆ ಅಲ್ಲೂ ಬಗೆಹರಿಯಲಿಲ್ಲ.

ವಕಿಫ್ಲಿಯ ಚರ್ಚಿನ ಪಕ್ಕ ಮರಗಳ ಕೆಳಗೆ ಮೇಜು ಹಾಕಿರುತ್ತಾರೆ. ಊರಿನ ಹೆಂಗಸರು ಅಲ್ಲಿ ತಾವು ಮಾಡಿದ ಪದಾರ್ಥಗಳನ್ನು ಸಾಲಾಗಿ ಜೋಡಿಸಿಟ್ಟು ಮಾರುತ್ತಾರೆ. ದಾಳಿಂಬೆಯ ಹುಳಿಯನ್ನು ಕುದಿಸಿ ಗಟ್ಟಿ ಮಾಡಿದ ಕಪ್ಪು ರಸ, ಹಣ್ಣಿನ ಮದ್ಯ, ಆ ಸೀಮೆಗೇ ಹೆಸರಾದ ಬೇ ಎಲೆ ಮರದ ಎಣ್ಣೆಯ ಸಾಬೂನು, ಮತ್ತೆ ಜಾಮುಗಳು. ಕಹಿ ಕಿತ್ತಳೆಯ ಜಾಮು ಮಾಡುವ ವಿಧಾನ ಕೇಳಿದೆ. ನಮ್ಮ ಹೇರಳೆಕಾಯಿಗೆ ಹತ್ತಿರದ ಹಣ್ಣು ಅದು. ಮೇಲಿನ ಸಿಪ್ಪೆಯನ್ನು ತೆಳ್ಳಗೆ ತುರಿದು, ದಪ್ಪ ಸಿಪ್ಪೆಯನ್ನು ಪಟ್ಟಿಯಾಗಿ ಬಿಡಿಸಿ, ನೀರು ಬದಲಿಸುತ್ತ ಬದಲಿಸುತ್ತ ದಿನಗಟ್ಟಲೆ ನೆನೆಹಾಕಿ ಕಹಿ ತೆಗೆಯುತ್ತಾರೆ. ಆಮೇಲೆ ಒಂದೊಂದೇ ಪಟ್ಟಿಯನ್ನು ಸುರುಳಿ ಸುತ್ತಿ, ಬಿಚ್ಚಿಕೊಳ್ಳದಂತೆ ಸೂಜಿಯಿಂದ ದಾರಕ್ಕೆ ಪೋಣಿಸಿ, ಮಾಲೆಯನ್ನು ಹಾಗೇ ಸಕ್ಕರೆ ಪಾಕಕ್ಕೆ ಇಳಿಸುತ್ತಾರೆ. ಪಾಕ ಏರಿದ ಮೇಲೆ ದಾರ ಎಳೆದುಬಿಡುವುದು. ಸೀಸೆಯಲ್ಲಿ ಸುರುಳಿಗಳು ಆಕಾರ ಕಳೆದುಕೊಳ್ಳದೆ ನಿಂತಿರುತ್ತವೆ. ಅಕ್ರೋಟಿನ ಜಾಮು ಇನ್ನೂ ಕಷ್ಟದ್ದು. ಒಳಗಿನ ಚಿಪ್ಪು ಗಟ್ಟಿಯಾಗುವ ಮೊದಲೇ ಹಸಿರು ಕಾಯಿ ಕೀಳಬೇಕು, ಸಿಪ್ಪೆ ಹೆರೆಯಬೇಕು, ಸುಣ್ಣದ ತಿಳಿಯಲ್ಲಿ ನೆನೆಸಬೇಕು. ಹೆರೆದವರ ಬೆರಳು ವಾರಗಟ್ಟಲೆ ಕಪ್ಪಗೆ. ಬೇಯಿಸಿದ ಮೇಲೆ ಇಡೀ ಕಾಯಿ ಕಾಡಿಗೆಯ ಬಣ್ಣಕ್ಕೆ ತಿರುಗುತ್ತದೆ, ಕಚ್ಚಿದರೆ ಚಿಪ್ಪೂ ಸೇರಿ ಮೆತ್ತಗೆ.

ಈ ಜಾಮಿನ ವ್ಯಾಪಾರವನ್ನು ಪ್ರವಾಸಿಗರಿಗೆ ಹೂಡಿದ ಆಟ ಎಂದು ಮೂಗು ಮುರಿಯುವವರಿದ್ದಾರೆ. ನಾನು ಹಾಗೆ ನೋಡಲಾರೆ. ರೇಷ್ಮೆ ಹೋಯಿತು. ಗೂಡಿನ ಬೆಲೆ ಬಿದ್ದರೆ ಹಿಪ್ಪುನೇರಳೆ ಕಿತ್ತು ಬೇರೆ ಹಾಕುವುದು ಎಲ್ಲಿಯ ರೈತನಿಗೂ ಗೊತ್ತು, ಇವರು ಕಿತ್ತಳೆ ಹಾಕಿದರು. ಕಿತ್ತಳೆಗೂ ಬೆಲೆ ಸಿಗದಾದಾಗ, 2000ದ ನಂತರ, ರಾಸಾಯನಿಕ ಬಿಟ್ಟು ಸಾವಯವಕ್ಕೆ ತಿರುಗಿ ದೊಡ್ಡ ಪೇಟೆಗಳ ಗಿರಾಕಿ ಹುಡುಕಿದರು. ಮಾರಿ ಉಳಿದ ಹಣ್ಣು, ಸಿಪ್ಪೆ, ಕಾಯಿ ಎಲ್ಲ ಸೀಸೆ ಸೇರಿತು. ಆ ಸೀಸೆಯ ದುಡ್ಡು ಹೆಂಗಸರ ಕೈಗೇ ಬರುತ್ತದೆ. ಅದರಲ್ಲೊಂದು ಪಾಲು ಚರ್ಚಿನ ಖರ್ಚಿಗೆ. ಉಳಿಯುವುದೆಂದರೆ ಇದೇ ತಾನೆ. ಒಂದು ದಿನದ ತೀರ್ಮಾನದಿಂದ ಅದು ಮುಗಿಯುವುದಿಲ್ಲ, ಪ್ರತಿ ಇಪ್ಪತ್ತು ವರ್ಷಕ್ಕೊಮ್ಮೆ ಹೊಸ ಹೊಟ್ಟೆಪಾಡು ಹುಡುಕಬೇಕು.

ಚರ್ಚು ಸುರ್ಪ್ ಅಸ್ದ್‌ವಾಜಾಜಿನ್, ಅಂದರೆ ದೇವಮಾತೆಯದು. ಹಳೇ ಹುಳುಮನೆಯನ್ನು ಚರ್ಚು ಮಾಡಿಕೊಂಡು, 1990ರ ದಶಕದಲ್ಲಿ ಚೆನ್ನಾಗಿ ದುರಸ್ತಿ ಮಾಡಿಸಿದರು. ತುರ್ಕಿಯಲ್ಲಿ ಚರ್ಚಿನ ಒಂದು ಗೋಡೆ ಎತ್ತಬೇಕೆಂದರೂ ಆಗ ಅನುಮತಿಗಳ ಸರಮಾಲೆ. ಆ ಕಾಲದಲ್ಲಿ ಇಷ್ಟು ಮಾಡಿಸಿಕೊಂಡದ್ದೇ ದೊಡ್ಡದು. ಒಳಗೆ ಹೋದೆ. ತಂಪು, ಮೇಣದ ವಾಸನೆ, ಚೊಕ್ಕಟವಾದ ಕಲ್ಲುಗೋಡೆ. ಹುಳುಮನೆಯ ಗುರುತು ಹುಡುಕಿದೆ, ಸಿಗಲಿಲ್ಲ. ತಟ್ಟೆಗಳ ಸಾಲು ಎಲ್ಲಿದ್ದಿರಬಹುದು, ಸೊಪ್ಪಿನ ಹೊರೆ ಯಾವ ಬಾಗಿಲಿಂದ ಬರುತ್ತಿತ್ತು ಅಂತ ಊಹಿಸುತ್ತ ನಿಂತದ್ದನ್ನು ನೋಡಿ, ಇಸ್ತಾಂಬುಲ್‌ನಿಂದ ರಜೆಗೆ ಬಂದಿದ್ದ ಹುಡುಗನೊಬ್ಬ ಇಂಗ್ಲಿಷಿನಲ್ಲಿ ಮಾತಾಡಿಸಿದ. ನಮ್ಮ ಕಡೆ ಇನ್ನೂ ರೇಷ್ಮೆ ಬೆಳೆಯುತ್ತಾರೆ ಅಂದದ್ದಕ್ಕೆ ಅವನಿಗೆ ಆಶ್ಚರ್ಯ. ಹೊರಗೆ ಕೂತಿದ್ದ ಅವನ ಅಜ್ಜನಿಗೆ ಹೋಗಿ ಹೇಳಿದ. ಅಜ್ಜ ಕೇಳಿದ್ದು ಒಂದೇ ಪ್ರಶ್ನೆ: ಕಿಲೋ ಗೂಡಿಗೆ ಈಗೇನು ರೇಟು? ನನಗೆ ಗೊತ್ತಿರಲಿಲ್ಲ. ಊರಿಗೆ ಫೋನು ಮಾಡಿ ಕೇಳಿ ಹೇಳಿದೆ. ಲೀರಾದಲ್ಲಿ ಲೆಕ್ಕ ಹಾಕಿ, ಸಾಲದು ಎನ್ನುವಂತೆ ಅಜ್ಜ ತಲೆಯಾಡಿಸಿದರು.

ಅಜ್ಜ ಮೊಮ್ಮಗನೊಂದಿಗೆ ಆಡುತ್ತಿದ್ದದ್ದು ತುರ್ಕಿ. ಅಲ್ಲೇ ಕೂತಿದ್ದ ಸಮವಯಸ್ಕರೊಂದಿಗೆ ಆಡುತ್ತಿದ್ದದ್ದು ಮೂಸಾ ದಾಗ್‌ನ ಅರ್ಮೇನಿಯನ್ ಆಡುನುಡಿ. ಅದು ಇಸ್ತಾಂಬುಲ್‌ನ ಅರ್ಮೇನಿಯನ್ನರಿಗೇ ಸರಿಯಾಗಿ ತಿಳಿಯುವುದಿಲ್ಲ. ಸಮಂದಾಗ್ ಪೇಟೆಗೆ ಇಳಿದರೆ ಅಲ್ಲಿ ಮನೆಮಾತು ಅರಬ್ಬಿ, ಅದೂ ಹಿರಿಯರಿಗೆ ಬರುತ್ತದೆ. ಊರಿನಲ್ಲಿ ಅರ್ಮೇನಿಯನ್ ಕಲಿಸುವ ಶಾಲೆ ಇಲ್ಲ. ಓದುಬರಹ ಬೇಕೆಂದರೆ ಇಸ್ತಾಂಬುಲ್‌ಗೆ ಕಳಿಸಬೇಕು, ಕಳಿಸಿದ ಮಕ್ಕಳು ಅಲ್ಲೇ ಕೆಲಸ ಹಿಡಿಯುತ್ತಾರೆ. ಭಾಷೆ ಉಳಿಸಿಕೊಳ್ಳಲು ಮಕ್ಕಳನ್ನು ಕಳಿಸಿ ಊರು ಕಳೆದುಕೊಳ್ಳುವುದೋ, ಊರಲ್ಲಿಟ್ಟುಕೊಂಡು ಭಾಷೆ ಕಳೆದುಕೊಳ್ಳುವುದೋ? ಇದಕ್ಕೆ ಒಂದೊಂದು ಮನೆಯದು ಒಂದೊಂದು ಉತ್ತರ.

ಊರು ತುಂಬುವುದು ಆಗಸ್ಟ್ 15ರ ಹತ್ತಿರದ ಭಾನುವಾರ. ಅಂದು ದೇವಮಾತೆಯ ಹಬ್ಬ, ದ್ರಾಕ್ಷಿಗೆ ಆಶೀರ್ವಾದ ಮಾಡಿಸುವ ದಿನ. ಹಳೇ ಸಂಪ್ರದಾಯದವರು ಅಲ್ಲಿಯವರೆಗೆ ಆ ವರ್ಷದ ದ್ರಾಕ್ಷಿ ಬಾಯಿಗಿಡುವುದಿಲ್ಲ. ಹಿಂದಿನ ರಾತ್ರಿ ಬಯಲಲ್ಲಿ ಏಳು ಕೊಪ್ಪರಿಗೆ ಇಟ್ಟು ಹರೀಸ ಬೇಯಿಸುತ್ತಾರೆ. ಒಂದೊಂದು ಊರಿನ ನೆನಪಿಗೆ ಒಂದೊಂದು ಕೊಪ್ಪರಿಗೆ, ಬೆಟ್ಟದ ಚಿಕ್ಕಪುಟ್ಟ ಬಿಡಾರವನ್ನೂ ಸೇರಿಸಿ ಏಳು. ಗೋಧಿ, ಮಾಂಸ, ಉಪ್ಪು, ನೀರು, ಇಷ್ಟೇ. ರಾತ್ರಿಯಿಡೀ ಕೆಳಗೆ ಉರಿ, ಮೇಲೆ ಮರದ ಕೋಲಿನಿಂದ ತಿರುವುವ ಗಂಡಸರು, ಪಕ್ಕದಲ್ಲಿ ಡೋಲು, ಜುರ್ನಾ ಎಂಬ ಓಲಗ, ಕುಣಿತ. ಬೆಳಗಿನ ಹೊತ್ತಿಗೆ ಗೋಧಿ ಯಾವುದು ಮಾಂಸ ಯಾವುದು ಗೊತ್ತಾಗದಂತೆ ಒಂದಾಗಿರುತ್ತದೆ. ಬೆಂಗಳೂರಿನಲ್ಲಿ ರಂಜಾನ್ ತಿಂಗಳಲ್ಲಿ ಸಾಲು ನಿಂತು ತಿನ್ನುವ ಹಲೀಮ್ ಇದೇ ವಂಶದ್ದು, ಮಸಾಲೆ ಮಾತ್ರ ನಮ್ಮ ಕಡೆಯ ಸೇರ್ಪಡೆ.

ಬೆಟ್ಟದ ಮೇಲಿದ್ದಾಗ ಇದ್ದ ಗೋಧಿಯನ್ನೂ ಇದ್ದ ಕುರಿಗಳನ್ನೂ ಒಟ್ಟಿಗೆ ಬೇಯಿಸಿ ಎಲ್ಲರೂ ಹಂಚಿಕೊಂಡ ನೆನಪು ಈ ಅಡಿಗೆಗೆ ಅಂಟಿಕೊಂಡಿದೆ. ಲೆಬನಾನಿನ ಅಂಜಾರ್‌ನಲ್ಲೂ ಹರೀಸ ಬೇಯುತ್ತದೆ. ಅಲ್ಲಿ ಪಟ್ಟಣವನ್ನು ಆರು ಕೇರಿ ಮಾಡಿ ಆರು ಊರಿನ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಬಿತಿಯಾಸ್ ಕೇರಿಯವನು ಖೆದರ್ ಬೆಗ್ ಕೇರಿಯ ಹುಡುಗಿಯನ್ನು ಮದುವೆಯಾಗುತ್ತಾನೆ, ಇಬ್ಬರೂ ಆ ಊರುಗಳನ್ನು ಕಂಡವರಲ್ಲ. ಪಕ್ಕದಲ್ಲೇ ಉಮಯ್ಯದ್ ಖಲೀಫರ ಕಾಲದ ಹಾಳು ನಗರ, 1984ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವುದು. ಅರ್ಮೇನಿಯಾ ದೇಶದೊಳಗೇ ಮುಸಲೇರ್ ಎಂಬ ಊರಿದೆ. ಎರಡನೇ ಮಹಾಯುದ್ಧದ ನಂತರ ಸೋವಿಯತ್ ಅರ್ಮೇನಿಯಾಕ್ಕೆ ವಲಸೆ ಬಂದ ಬೆಟ್ಟದವರ ನೆನಪಿನದು. ಅಲ್ಲಿ 1976ರಲ್ಲಿ ದೊಡ್ಡ ಸ್ಮಾರಕ ಕಟ್ಟಿದರು. ಪ್ರತಿ ಸೆಪ್ಟೆಂಬರಿನಲ್ಲಿ ಹರೀಸ ಬೇಯುತ್ತದೆ, ಭಾಷಣಗಳಾಗುತ್ತವೆ, ಸೈನಿಕರನ್ನು ನೆನೆಯುತ್ತಾರೆ. ವಕಿಫ್ಲಿಯಲ್ಲಿ ಮಾತ್ರ ಅಂಥ ಭಾಷಣ ಇಲ್ಲ. ಹಬ್ಬಕ್ಕೆ ಜಿಲ್ಲೆಯ ಅಧಿಕಾರಿಗಳೂ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. 1915ರ ಮಾತನ್ನು ಯಾರೂ ಎತ್ತುವುದಿಲ್ಲ. ಘಟನೆ ನಡೆದ ಬೆಟ್ಟ ಇರುವುದು ಇಲ್ಲೇ, ಬೆನ್ನ ಹಿಂದೆಯೇ. ಕೊಪ್ಪರಿಗೆ ಇದೆ, ಉರಿ ಇದೆ, ತಿನ್ನುವವರಿದ್ದಾರೆ, ಅಷ್ಟು ಸಾಕು ಎಂದುಕೊಂಡಿದ್ದಾರೆ. ದೂರದ ಅರ್ಮೇನಿಯನ್ನರಲ್ಲಿ ಕೆಲವರು ಇದನ್ನು ರಾಜಿ ಎಂದು ಹೀಗಳೆಯುವುದುಂಟು. ಲಾಸ್ ಏಂಜಲೀಸ್‌ನಲ್ಲಿ ಕೂತು ಹಾಗನ್ನುವುದು ಸುಲಭ.

2014ರ ಮಾರ್ಚಿನಲ್ಲಿ ಒಂದು ಘಟನೆಯಾಯಿತು. ಬೋಳು ಬೆಟ್ಟದ ಆಚೆ ಮಗ್ಗುಲಲ್ಲಿ, ಸಿರಿಯಾದೊಳಗೆ, ಕೆಸಾಬ್ ಎಂಬ ಅರ್ಮೇನಿಯನ್ ಪಟ್ಟಣವಿದೆ. ಸಿರಿಯಾದ ಅಂತರ್ಯುದ್ಧದ ನಡುವೆ ಇಸ್ಲಾಮಿ ಹೋರಾಟಗಾರರ ಗುಂಪುಗಳು ತುರ್ಕಿಯ ಕಡೆಯಿಂದ ಗಡಿ ದಾಟಿ ಅದರ ಮೇಲೆ ಬಿದ್ದವು. ಊರಿನವರಲ್ಲಿ ಬಹುತೇಕರು ಮನೆ ಬಿಟ್ಟು ಸಿರಿಯಾದ ಲತಾಕಿಯಾ ಪಟ್ಟಣಕ್ಕೆ ಓಡಿದರು. ಓಡಲಾಗದ ವೃದ್ಧರು ಕೆಲವರು ಸಿಕ್ಕಿಬಿದ್ದರು. ಅವರನ್ನು ಗಡಿ ದಾಟಿಸಿ ತುರ್ಕಿಯೊಳಗೆ ತಂದಾಗ ಎಲ್ಲಿ ಇಳಿಸುವುದು? ವಕಿಫ್ಲಿಗೇ ಕರೆತಂದರು. ಊರಿನವರು ಅವರಿಗೆ ಹಾಸಿಗೆ ಹಾಸಿಕೊಟ್ಟರು, ಊಟಕ್ಕಿಟ್ಟರು, ತಿಂಗಳುಗಟ್ಟಲೆ ನೋಡಿಕೊಂಡರು. ಆಡುವ ಮಾತಿನಲ್ಲೂ ಅಷ್ಟೇನೂ ವ್ಯತ್ಯಾಸವಿರಲಿಲ್ಲ, ಕೆಸಾಬಿನ ನುಡಿಯೂ ಈ ನುಡಿಯ ದಾಯಾದಿಯೇ. 1939ರಲ್ಲಿ ಎಲ್ಲರೂ ಎದ್ದು ಹೋಗಿಬಿಟ್ಟಿದ್ದರೆ ಆ ಮುದುಕರಿಗೆ ಅರ್ಮೇನಿಯನ್ ಭಾಷೆಯಲ್ಲಿ ನೀರು ಬೇಕಾ ಅಂತ ಕೇಳುವವರು ಈ ಇಡೀ ಕರಾವಳಿಯಲ್ಲಿ ಇರುತ್ತಿರಲಿಲ್ಲ. ಯಾಕೆ ಉಳಿದಿರಿ ಎಂದು ಮೂರು ತಲೆಮಾರಿನಿಂದ ಕೇಳುತ್ತ ಬಂದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗಂತೂ ಗೊತ್ತಿಲ್ಲ.

2023ರ ಫೆಬ್ರವರಿ 6ರ ಭೂಕಂಪ ಹತಾಯ್ ಪ್ರಾಂತ್ಯವನ್ನು ಮುರಿದು ಹಾಕಿತು. 7.8ರ ತೀವ್ರತೆ, ಅದೇ ದಿನ ಮಧ್ಯಾಹ್ನ ಇನ್ನೊಂದು. ಅಂತಾಕ್ಯಾದ ಹಳೇ ಪೇಟೆ ನೆಲಸಮವಾಯಿತು, ಆರ್ಥಡಾಕ್ಸ್ ಚರ್ಚು ಕುಸಿಯಿತು, ಶತಮಾನಗಳ ಇತಿಹಾಸವಿದ್ದ ಅಲ್ಲಿನ ಬೆರಳೆಣಿಕೆಯ ಯಹೂದಿ ಸಮುದಾಯ ಅಲ್ಲಿಗೆ ಕೊನೆಯಾಯಿತು. ವಕಿಫ್ಲಿಯೊಳಗೆ ಜೀವಹಾನಿಯಾಗಲಿಲ್ಲ. ಆದರೆ ಎರಡು ವಾರ ಕಳೆದು ಫೆಬ್ರವರಿ 20ರಂದು ಮತ್ತೆ ನಡುಗಿತು, ಈ ಸಲ ಕೇಂದ್ರ ಇಲ್ಲೇ ಹತ್ತಿರದಲ್ಲಿ. ಮೊದಲ ಏಟಿಗೆ ಬಿರುಕು ಬಿಟ್ಟು ನಿಂತಿದ್ದದ್ದನ್ನು ಎರಡನೆಯದು ಸರಿಯಾಗಿ ಕೆಡವಿತು. ಇದ್ದ ಮನೆಗಳಲ್ಲಿ ಹೆಚ್ಚಿನವಕ್ಕೆ ಹಾನಿ, ಚರ್ಚಿಗೂ ಹಾನಿ. ಜನ ಡೇರೆಯಲ್ಲಿ, ಆಮೇಲೆ ಕಂಟೇನರಿನಲ್ಲಿ.

ಈಗ ಇರುವ ಭಯ ಸೈನ್ಯದ್ದೂ ಅಲ್ಲ, ಗಡಿಯದ್ದೂ ಅಲ್ಲ. ಮನೆ ಎದ್ದು ನಿಲ್ಲುವವರೆಗೆ ಎಂದು ಕುಟುಂಬವೊಂದು ಇಸ್ತಾಂಬುಲ್‌ಗೆ ಹೋದರೆ ಅಲ್ಲಿ ಮಕ್ಕಳಿಗೆ ಶಾಲೆ ಸಿಗುತ್ತದೆ, ಸೊಸೆಗೆ ಕೆಲಸ ಸಿಗುತ್ತದೆ, ವರ್ಷ ಎರಡಾಗುತ್ತದೆ, ಮೂರಾಗುತ್ತದೆ. ನಲವತ್ತು ಮನೆಯ ಊರಿನಲ್ಲಿ ಹತ್ತು ಮನೆ ಹೀಗಾದರೆ ಕಿತ್ತಳೆ ಕೀಳಲು ಕೂಲಿ ಹುಡುಕಬೇಕು, ಕೊಪ್ಪರಿಗೆ ತಿರುವಲು ರಜೆಗೆ ಬಂದವರೇ ಗತಿ. ಮತ್ತೊಂದು ತಮಾಷೆ ಕೇಳಿ. 2012ರಲ್ಲಿ ತಂದ ಕಾಯ್ದೆಯೊಂದರ ಪ್ರಕಾರ ಹತಾಯ್ ಮಹಾನಗರ ಪ್ರಾಂತ್ಯವಾಯಿತು, ಅದರೊಳಗಿನ ಹಳ್ಳಿಗಳೆಲ್ಲ ವಾರ್ಡುಗಳಾದವು. 'ತುರ್ಕಿಯ ಏಕೈಕ ಅರ್ಮೇನಿಯನ್ ಹಳ್ಳಿ' ಸರ್ಕಾರಿ ದಾಖಲೆಯಲ್ಲಿ ಈಗ ಹಳ್ಳಿಯೇ ಅಲ್ಲ, ಸಮಂದಾಗ್‌ನ ಒಂದು ವಾರ್ಡು. ಊರಿನ ಮುಖ್ಯಸ್ಥನಾದ ಮುಖ್ತಾರನನ್ನು ಮಾತ್ರ ಈಗಲೂ ಊರಿನವರೇ ಓಟು ಹಾಕಿ ಆರಿಸುತ್ತಾರೆ. ಮನೆ ಕಟ್ಟಿಸುವ ಅರ್ಜಿ, ತೋಟದ ನೀರಿನ ತಕರಾರು, ಕಂಟೇನರಿನ ಕರೆಂಟು, ಎಲ್ಲ ಅವನ ತಲೆಗೆ.